ಐವತ್ತರ ಲೆಕ್ಕ

ಮಕ್ಕಳೇ, ಓದುವ ಮೊದಲು ಒಂದು ಕೆಲಸ ಮಾಡಿ. ಅಡುಗೆಮನೆಯ ಮಿಕ್ಸರಿನ ಪ್ಲಗ್ ತೆಗೆದು, ಬೋರಲು ಹಾಕಿ ನೋಡಿ (ಅಜ್ಜಿಯನ್ನು ಕೇಳಿಯೇ!). ತಳದ ಚೀಟಿಯ ಮೇಲೆ 50 ಹರ್ಟ್ಸ್ ಎಂದು ಬರೆದಿರುತ್ತದೆ. ಹಾವೇರಿಯಲ್ಲೂ ಅದೇ 50, ಬ್ಯಾಡಗಿಯ ಖಾರದಪುಡಿ ಗಿರಣಿಯ ಮೋಟರಿಗೂ ಅದೇ 50, ಕಾಶ್ಮೀರದಲ್ಲೂ ಅದೇ.

ನಮ್ಮ ಮನೆಯ ಕರೆಂಟು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತದೆ. ಶರಾವತಿಯಲ್ಲಿ, ರಾಯಚೂರಿನಲ್ಲಿ ತಿರುಗುವ ದೊಡ್ಡ ಜನರೇಟರುಗಳ ವೇಗದಿಂದ ಈ ಓಲಾಟ ಹುಟ್ಟುತ್ತದೆ. ಒಂದು ಭಾರಿ ಚಕ್ಕಡಿಗೆ ನೂರಾರು ಜೋಡಿ ಎತ್ತು ಹೂಡಿದ್ದಾರೆಂದು ತಿಳಿಯಿರಿ. ಎಲ್ಲವೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ನಾವೆಲ್ಲ ಫ್ಯಾನು, ಪಂಪು ಹಚ್ಚಿದರೆ ಹೇರು ಹೆಚ್ಚಾಗಿ ನಡಿಗೆ ನಿಧಾನವಾಗುತ್ತದೆ, 50 ಇದ್ದದ್ದು 49.9ಕ್ಕೆ ಇಳಿಯುತ್ತದೆ. ಆರಿಸಿದರೆ ಹೇರು ಹಗುರಾಗಿ ಓಡತೊಡಗುತ್ತವೆ. ವ್ಯತ್ಯಾಸ ಮಿತಿಮೀರಿದರೆ ಯಂತ್ರ ಕೆಡಬಾರದೆಂದು ಜನರೇಟರು ತಾನಾಗಿ ನೊಗ ಕಳಚಿಕೊಳ್ಳುತ್ತದೆ. ಉಳಿದವುಗಳ ಹೆಗಲಿಗೆ ಇನ್ನಷ್ಟು ಭಾರ. ಆಮೇಲೆ ಒಂದರ ಹಿಂದೆ ಒಂದು.

ನಾನು ಬ್ಯಾಂಕಿನಲ್ಲಿದ್ದಾಗ ಸಂಜೆ ಕ್ಯಾಶ್ ತಾಳೆಯಾಗದೆ ಮನೆಗೆ ಹೋಗುವಂತಿರಲಿಲ್ಲ. ಆದರೂ ನಮಗೆ ಸಂಜೆಯವರೆಗೆ ಸಮಯವಿತ್ತು, ಉಳಿದ ಹಣ ಇಡಲು ತಿಜೋರಿಯಿತ್ತು. ಕರೆಂಟಿನವರಿಗೆ ಸಮಯವೂ ಇಲ್ಲ, ತಿಜೋರಿಯೂ ಇಲ್ಲವೆನ್ನುವಷ್ಟು ಸಣ್ಣದು. ಮನೆಯ ಇನ್ವರ್ಟರಿನ ಬ್ಯಾಟರಿ ನಾಲ್ಕು ದೀಪಕ್ಕೆ ಸಾಕು, ದೇಶಕ್ಕೆ ಸಾಲದು. ಹುಟ್ಟಿದ್ದು, ಖರ್ಚಾದದ್ದು ಪ್ರತಿ ಸೆಕೆಂಡಿಗೂ ತಾಳೆಯಾಗಬೇಕು.

ತಪ್ಪಿದರೆ ಏನಾಗುತ್ತದೆಂದು 2012ರ ಜುಲೈ 30 ಮತ್ತು 31ರಂದು ಕಂಡೆವು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯ ಭಾರತದ ವಿದ್ಯುತ್ ಜಾಲಗಳು ಕುಸಿದು 60 ಕೋಟಿ ಜನರಿಗೆ ತೊಂದರೆಯಾಯಿತು. ರೈಲುಗಳು ನಡುದಾರಿಯಲ್ಲಿ ನಿಂತವು. ಪಶ್ಚಿಮ ಬಂಗಾಳದ ಕಲ್ಲಿದ್ದಲು ಗಣಿಗಳಲ್ಲಿ ಕಾರ್ಮಿಕರು ಸಿಕ್ಕಿಕೊಂಡರು. ಆದರೆ ದಕ್ಷಿಣದ ಜಾಲ ಬೀಳಲಿಲ್ಲ. ಆಗ ನಮಗೂ ಉತ್ತರಕ್ಕೂ ಇದ್ದದ್ದು ಡಿಸಿ ಸಂಪರ್ಕ. ಅದರಲ್ಲಿ ಕರೆಂಟು ದಾಟುತ್ತದೆ, ಹೆಜ್ಜೆ ಬೆಸೆಯುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ನಮ್ಮ ಎತ್ತುಗಳನ್ನೂ ಅದೇ ಚಕ್ಕಡಿಗೆ ಹೂಡಿದರು. ಕೊರತೆ ಬಿದ್ದಾಗ ಕೊಡುಕೊಳ್ಳಲು ಇದೇ ಲೇಸು. ಆದರೆ ಎಡವಿದರೆ ಎಲ್ಲರೂ ಒಟ್ಟಿಗೆ.

ಗಟ್ಟಿ ಪರೀಕ್ಷೆ ಬಂದದ್ದು 2020ರ ಏಪ್ರಿಲ್ 5ಕ್ಕೆ. ಲಾಕ್‌ಡೌನ್ ದಿನಗಳು. ರಾತ್ರಿ 9 ಗಂಟೆಗೆ 9 ನಿಮಿಷ ದೀಪ ಆರಿಸಿ ಹಣತೆ ಹಚ್ಚಿರೆಂದು ಪ್ರಧಾನಿಯವರು ಕೇಳಿದ್ದರು. ಅಜ್ಜ ಅಜ್ಜಿಯರಿಗೆ ನೆನಪಿರುತ್ತದೆ. ನಾವು ಅಂಗಳದಲ್ಲಿ ಹಣತೆ ಹಿಡಿದು ನಿಂತಿದ್ದಾಗ ಎಂಜಿನಿಯರುಗಳು ಉಸಿರು ಬಿಗಿಹಿಡಿದು ಪರದೆ ನೋಡುತ್ತಿದ್ದರು. ಅವರಿಗೆ ಸಿಕ್ಕಿದ್ದು ಎರಡೇ ದಿನ. 12ರಿಂದ 14 ಸಾವಿರ ಮೆಗಾವಾಟ್ ಬೇಡಿಕೆ ಇಳಿದೀತೆಂದು ಅಂದಾಜು ಮಾಡಿದ್ದರು. ಇಳಿದದ್ದು ಸುಮಾರು 31 ಸಾವಿರ! ಶರಾವತಿಯ ಹತ್ತೂ ಯಂತ್ರ ಸೇರಿದರೆ 1035 ಮೆಗಾವಾಟ್. ಅಂಥ ಮೂವತ್ತು ಶರಾವತಿಯಷ್ಟು ಹೇರನ್ನು ಕೆಲವೇ ನಿಮಿಷಗಳಲ್ಲಿ ಇಳಿಸಿ, ಮತ್ತೆ ಏರಿಸಿದಂತಾಯಿತು.

ಕಾಪಾಡಿದ್ದು ನೀರು. ಕಲ್ಲಿದ್ದಲಿನ ಬಾಯ್ಲರ್ ತಣಿಯಲು, ಕಾಯಲು ತಾಸುಗಟ್ಟಲೆ ಬೇಕು. ನೀರಿನ ಬಾಗಿಲನ್ನು ನಿಮಿಷಗಳಲ್ಲಿ ಮುಚ್ಚಿ ತೆರೆಯಬಹುದು. ಅದಕ್ಕೇ 9 ಗಂಟೆಗೆ ಮೊದಲು ದೇಶದ ಜಲವಿದ್ಯುತ್ ಕೇಂದ್ರಗಳನ್ನು ಜೋರಾಗಿ ಓಡಿಸಿ, ಸಮಯ ಬಂದೊಡನೆ 17 ಸಾವಿರ ಮೆಗಾವಾಟಿಗೂ ಹೆಚ್ಚು ತಗ್ಗಿಸಿದರು. 49.7ರಿಂದ 50.26, ಇಷ್ಟರೊಳಗೇ ಓಲಾಡಿ ಹೆಜ್ಜೆ ನಿಂತಿತು. ಜಾಲ ಬೀಳಲಿಲ್ಲ. ಅವತ್ತು ನಾವು ಚಪ್ಪಾಳೆ ಹೊಡೆಯಬೇಕಿದ್ದ ಪಟ್ಟಿಯಲ್ಲಿ ಇವರ ಹೆಸರೂ ಇರಬೇಕಿತ್ತು ಎಂದು ನನ್ನ ಅನಿಸಿಕೆ.

ದಿನನಿತ್ಯದ ಲೆಕ್ಕ ಬೇರೆ ಇದೆ. ಯಾವ ಕೇಂದ್ರ ಎಷ್ಟು ಓಡಬೇಕು? ಅಗ್ಗದ್ದು ಮೊದಲು. ಮಧ್ಯಾಹ್ನ ಪಾವಗಡದ ಬಿಸಿಲು ಬಳಸಿ, ಅಣೆಕಟ್ಟಿನ ನೀರನ್ನು ಸಂಜೆಗೆ ಉಳಿಸು. ಜೊತೆಗೆ, ಒಂದು ಮಾರ್ಗ ಹರಿದರೆ ಉಳಿದವು ತಾಳುತ್ತವೆಯೇ ಎಂದು ಮೊದಲೇ ಕಂಪ್ಯೂಟರಿನಲ್ಲಿ ನೋಡಿಟ್ಟುಕೊಳ್ಳಬೇಕು. ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳಲ್ಲಿ ಮೆಣಸಿನಕಾಯಿಯ ಕೆಂಪು ಬಣ್ಣ ಮಾಸದೆ ಉಳಿಯುವುದರ ಹಿಂದೆ ಈ ಗಣಿತವೂ ಇದೆ.

ಈಗ ಸಂಶೋಧಕರ ಮುಂದೆ ಹೊಸ ತೊಡಕು. ಟನ್ನುಗಟ್ಟಲೆ ತೂಕದ ಜನರೇಟರು, ಎತ್ತು ಒಮ್ಮೆ ಮುಗ್ಗರಿಸಿದರೂ ಉರುಳುವ ಚಕ್ಕಡಿಯಂತೆ, ತನ್ನ ಭಾರದಿಂದಲೇ ಕೆಲವು ಸೆಕೆಂಡು ವೇಗ ಕಾಯುತ್ತದೆ. ಸೋಲಾರ್ ಫಲಕದಲ್ಲಿ ತಿರುಗುವ ಗಾಲಿಯೇ ಇಲ್ಲ. ಗದಗಿನ ಗುಡ್ಡಗಳ ಗಾಳಿಯಂತ್ರಗಳು ತಿರುಗುತ್ತವೆ, ಆದರೆ ಹೊಸ ನಮೂನೆಯವು ಎಲೆಕ್ಟ್ರಾನಿಕ್ ಪೆಟ್ಟಿಗೆಯ ಮೂಲಕ ಜೋಡಿಸಿದಂಥವು, ಅವುಗಳ ಭಾರ ಜಾಲಕ್ಕೆ ತಾನಾಗಿ ಸಿಗುವುದಿಲ್ಲ. ಭಾರಿ ಗಾಲಿಯ ಕೆಲಸವನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡಿ ತೋರಿಸುವ ದೊಡ್ಡ ಬ್ಯಾಟರಿಗಳನ್ನು ಈಗ ಎಂಜಿನಿಯರುಗಳು ಪಳಗಿಸುತ್ತಿದ್ದಾರೆ.