ಕಳೆದ ಒಡವೆ ಹುಡುಕುವ ಕೋಲು



ಅಡಿಗೆಮನೆಯಲ್ಲಿ ಕಳೆದ ಚಮಚ ಇವತ್ತಲ್ಲ ನಾಳೆ ಡಬ್ಬಿಗಳ ಹಿಂದೆ ಸಿಗುತ್ತೆ. ಬಚ್ಚಲಲ್ಲಿ ಜಾರಿದ ಓಲೆ ಮೋರಿ ಬಾಯಲ್ಲಿ ಸಿಕ್ಕರೂ ಸಿಗಬಹುದು. ಆದರೆ ಹೊಲದಲ್ಲಿ ಬಿದ್ದ ಒಡವೆ? ಕಳೆ ತೆಗೆಯುವಾಗ, ನಾಟಿ ಮಾಡುವಾಗ, ತೆನೆ ಮುರಿಯುವಾಗ ನಮ್ಮ ಹೆಂಗಸರ ಮೈಮೇಲಿನ ಎಷ್ಟು ಓಲೆ, ಎಷ್ಟು ಕಾಲುಂಗುರ, ಎಷ್ಟು ತಾಳಿಗುಂಡು ಮಣ್ಣುಪಾಲಾಗಿವೆಯೋ ಲೆಕ್ಕ ಇಟ್ಟವರಿಲ್ಲ. ಒಡವೆ ಹೋದರೆ ಅದೊಂದೇ ಹೋಗುವುದೂ ಇಲ್ಲ. ಅದರ ಹಿಂದೆಯೇ ಅತ್ತೆಯ ಮಾತು, ಗಂಡನ ಸಿಟ್ಟು, ಕೂಲಿಗೆ ಬಂದವರ ಮೇಲೆ ಅನುಮಾನ, ಎಲ್ಲಾ ಸಾಲಾಗಿ ಬರುತ್ತವೆ.

ಆದ್ದರಿಂದ ಈ ಸಲ ಸಾರು-ಪಲ್ಯ ಬಿಟ್ಟು ಒಂದು ಯಂತ್ರದ ವಿಷಯ ಬರೆಯುತ್ತಿದ್ದೇನೆ. ಅದರ ಹೆಸರು ಮೆಟಲ್ ಡಿಟೆಕ್ಟರ್, ಅಂದರೆ ಲೋಹಶೋಧಕ. ದೊಡ್ಡ ಸಭೆಗಳಲ್ಲಿ ಪೊಲೀಸರು ಬಾಗಿಲಿನಂತೆ ನಿಲ್ಲಿಸಿರುತ್ತಾರಲ್ಲ, ಅದರ ತಮ್ಮ ಇದು. ಇದಕ್ಕೆ ಕೋಲು ಇರುತ್ತೆ, ನೆಲದ ಮೇಲೆ ಆಡಿಸುವಂಥದ್ದು. ನನ್ನ ಅಕ್ಕನ ಮಗ ಹವ್ಯಾಸಕ್ಕೆಂದು ಕೊಂಡದ್ದನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋದ. "ಚಿಕ್ಕಮ್ಮಾ, ಸುಮ್ಮನೆ ಇಟ್ಟರೆ ಹಾಳಾಗುತ್ತೆ, ನೀನೇ ಕಲಿ" ಅಂದ. ನನ್ನ ಓದು ಎಸ್ಸೆಸ್ಸೆಲ್ಸಿ. ಇಂಗ್ಲಿಷ್ ಪುಸ್ತಕವನ್ನು ಮಗಳ ಕೈಲಿ ಓದಿಸಿಕೊಂಡು, ಹಿತ್ತಲಲ್ಲಿ ಒಂದು ತಿಂಗಳು ಆಡಿಸಿ ಕಲಿತೆ. ನೀವೂ ಕಲಿಯಬಹುದು. ಹೊಲಿಗೆ ಯಂತ್ರ ಕಲಿತವರಿಗೆ ಇದೇನೂ ಕಷ್ಟವಲ್ಲ.

ಮೊದಲು ಅದರ ಗುಟ್ಟು ತಿಳಿಯಿರಿ

ಕೋಲಿನ ತುದಿಯಲ್ಲಿ ರೊಟ್ಟಿ ಹಂಚಿನಂಥ ಒಂದು ಬಿಲ್ಲೆ ಇದೆ. ಅದರೊಳಗೆ ತಾಮ್ರದ ತಂತಿಯ ಸುರುಳಿ. ಬ್ಯಾಟರಿಯ ವಿದ್ಯುತ್ತು ಆ ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ಅತ್ತಿಂದಿತ್ತ ಹರಿದು ನೆಲದೊಳಕ್ಕೆ ಕಾಂತದ ಅಲೆ ಕಳಿಸುತ್ತೆ. ಕೆಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ತು ಹುಟ್ಟಿ ಮರುದನಿ ಕೊಡುತ್ತೆ. ಆ ಮರುದನಿಯೇ ನಮ್ಮ ಕಿವಿಗೆ ಕೇಳುವ ಸದ್ದು. ಅಲೆ ವೇಗವಾಗಿದ್ದಷ್ಟೂ ಸಣ್ಣ ಚಿನ್ನ ಚೆನ್ನಾಗಿ ಸಿಗುತ್ತೆ, ನಿಧಾನವಾಗಿದ್ದರೆ ಆಳದ ದಪ್ಪ ಬೆಳ್ಳಿ, ತಾಮ್ರ ಚೆನ್ನಾಗಿ ಸಿಗುತ್ತೆ. ಈಗಿನ ದೊಡ್ಡ ಯಂತ್ರಗಳು ಹಲವು ವೇಗದ ಅಲೆಗಳನ್ನು ಒಟ್ಟಿಗೇ ಕಳಿಸುತ್ತವೆ.

ಇದು ಹೊಸ ವಿದ್ಯೆಯೇನಲ್ಲ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ, ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿ ಗುಂಡು ಎಲ್ಲಿದೆ ಎಂದು ಇಂಥದೇ ಉಪಕರಣದಿಂದ ಹುಡುಕಿದರು. ಸಿಗಲಿಲ್ಲ. ಹಾಸಿಗೆಯೊಳಗಿದ್ದ ಉಕ್ಕಿನ ಸ್ಪ್ರಿಂಗುಗಳು ಸದ್ದನ್ನು ಕೆಡಿಸಿದ್ದು ಅದಕ್ಕೊಂದು ಕಾರಣ. ಅದರಿಂದ ನಮಗೆ ಒಂದು ಪಾಠವಿದೆ. ಹುಡುಕುವ ಮೊದಲು ನಮ್ಮ ಮೈಮೇಲಿನ ಲೋಹ ನೋಡಿಕೊಳ್ಳಬೇಕು. ಕಾಲುಂಗುರ ತೆಗೆಯಬೇಕಿಲ್ಲ, ಬಿಲ್ಲೆಯನ್ನು ಪಾದದಿಂದ ಒಂದು ಮೊಳ ಮುಂದೆ ಆಡಿಸಿದರೆ ಸಾಕು. ಆದರೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಲ್ಲೆಯ ಮೇಲೆ ಆಡಿಸಿ ಪರೀಕ್ಷಿಸುವಾಗ ಆ ಕೈಯ ಉಂಗುರ, ಬಳೆ ತೆಗೆದಿಡಿ. ಇಲ್ಲದಿದ್ದರೆ ನಿಮ್ಮ ಉಂಗುರವೇ ಕೂಗುತ್ತೆ.

ಜೋಡಿಸುವ ಬಗೆ

1. ಕೋಲಿನ ತುಂಡುಗಳನ್ನು ಸೇರಿಸಿ ಉದ್ದ ಹೊಂದಿಸಿ. ಬೆನ್ನು ಬಗ್ಗಿಸದೆ ನಿಂತಾಗ ಬಿಲ್ಲೆ ನೆಲಕ್ಕೆ ಒಂದೆರಡು ಬೆರಳು ಮೇಲೆ, ಸಮನಾಗಿ ಇರಬೇಕು.

2. ಬಿಲ್ಲೆಯ ವೈರನ್ನು ಕೋಲಿಗೆ ಬಿಗಿಯಾಗಿ ಸುತ್ತಿ. ಸಡಿಲವಾಗಿ ಓಲಾಡಿದರೆ ಸುಳ್ಳು ಸದ್ದು ಬರುತ್ತೆ.

3. ಮೊಬೈಲನ್ನು ದೂರ ಇಡಿ. ಕರೆಂಟು ತಂತಿಯ ಕೆಳಗೆ, ಓಡುತ್ತಿರುವ ಪಂಪ್‌ಸೆಟ್ ಪಕ್ಕದಲ್ಲಿ ಯಂತ್ರ ಬಡಬಡಿಸುತ್ತೆ. ಯಂತ್ರದಲ್ಲೇ ಈ ಗದ್ದಲ ತಪ್ಪಿಸುವ ಒತ್ತುಗುಂಡಿ ಇದ್ದರೆ, ಕೋಲನ್ನು ಅಲ್ಲಾಡಿಸದೆ ಹಿಡಿದು ಅದನ್ನು ಒತ್ತಿ.

4. ನೆಲದ ಪರಿಚಯ ಮಾಡಿಸಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನಮ್ಮ ಕಡೆ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಬಹಳ. ಏನೂ ಇಲ್ಲದ ಜಾಗದಲ್ಲೂ ಯಂತ್ರ ಕೂಗುತ್ತೆ. ಲೋಹ ಇಲ್ಲದ ಒಂದು ಜಾಗ ನೋಡಿ, ಸಂಬಂಧಪಟ್ಟ ಗುಂಡಿ ಒತ್ತಿ ಹಿಡಿದು ಬಿಲ್ಲೆಯನ್ನು ನೆಲದಿಂದ ಮೊಳಕಾಲೆತ್ತರಕ್ಕೂ ಮತ್ತೆ ನೆಲಕ್ಕೂ ಮೆಲ್ಲಗೆ ಏರಿಸಿ ಇಳಿಸಿ. ಸದ್ದು ತಣ್ಣಗಾಗುವವರೆಗೆ ಮಾಡಿ. "ಇದು ಬರೀ ಮಣ್ಣು ಕಣಮ್ಮ" ಎಂದು ಯಂತ್ರಕ್ಕೆ ಹೇಳಿಕೊಡುವುದು ಅಂತ ಇಟ್ಟುಕೊಳ್ಳಿ. ಕೆಂಪು ಹೊಲದಿಂದ ಕಪ್ಪು ಹೊಲಕ್ಕೆ ಹೋದರೆ ಇನ್ನೊಮ್ಮೆ ಮಾಡಬೇಕು.

5. ಸೂಕ್ಷ್ಮತೆಯನ್ನು ಮೊದಲು ನಡುಮಟ್ಟದಲ್ಲಿ ಇಡಿ. ಪೂರಾ ಏರಿಸಿದರೆ ಹೆಚ್ಚು ಸಿಗುತ್ತೆ ಅನ್ನುವ ಆಸೆ ಬೇಡ. ಉಪ್ಪು ಹೆಚ್ಚಾದ ಸಾರಿನ ಹಾಗೆ ಎಲ್ಲಾ ಕೆಡುತ್ತೆ.

ಮನೆಯಲ್ಲೇ ಪರೀಕ್ಷೆ

ಹೊಲಕ್ಕೆ ಹೋಗುವ ಮುಂಚೆ ಮನೆಯಲ್ಲಿರುವ ಸಾಮಾನನ್ನೇ ಒಂದೊಂದಾಗಿ ಬಿಲ್ಲೆಯ ಮುಂದೆ ಆಡಿಸಿ. ತೆರೆಯ ಮೇಲೆ ಒಂದು ಅಂಕಿ ಬರುತ್ತೆ. ಅದನ್ನು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದುಕೊಳ್ಳಿ. ಸಾಮಾನ್ಯವಾಗಿ ಕಬ್ಬಿಣದ ಮೊಳೆಗೆ ತೀರಾ ಕೆಳಗಿನ ಅಂಕಿ, ಬೆಳ್ಳಿಯ ಗೆಜ್ಜೆಗೆ ಮೇಲಿನ ಅಂಕಿ. ಈಗಿನ ಸ್ಟೀಲಿನ ರೂಪಾಯಿ ನಾಣ್ಯ ಕಬ್ಬಿಣದ ಜಾತಿಯಂತೆಯೇ ಕೂಗುತ್ತೆ. ಚಿನ್ನ ಬರುವುದು ನಡುವೆ. ಎಡವಟ್ಟು ಏನೆಂದರೆ ಮಾತ್ರೆ ಸುತ್ತಿದ ಹಾಳೆ, ಔಷಧಿ ಬಾಟಲಿಯ ಮುಚ್ಚಳದೊಳಗಿನ ಬೆಳ್ಳಿಬಣ್ಣದ ಹಾಳೆ, ಇವೂ ಅದೇ ನಡುವಿನಲ್ಲೇ ಬರುತ್ತವೆ. ಕಸ ಬೇಡ ಎಂದು ಆ ಅಂಕಿಗಳನ್ನು ಮುಚ್ಚಿಬಿಟ್ಟರೆ ಚಿನ್ನವೂ ಮುಚ್ಚಿಹೋಗುತ್ತೆ. ಚಿನ್ನ ಬೇಕಾದವರು ಹತ್ತು ಸಲ ಕಸ ಎತ್ತಲು ತಯಾರಿರಬೇಕು.

ಇನ್ನೊಂದು ಮಾತು. ಸಣ್ಣ ಸರ ಈ ಯಂತ್ರಕ್ಕೆ ಸುಲಭವಾಗಿ ಕಾಣುವುದಿಲ್ಲ. ಒಂದೊಂದು ಕೊಂಡಿಯೂ ಅದಕ್ಕೆ ಬೇರೆ ಬೇರೆ ಚೂರಿನಂತೆ ತೋರುತ್ತೆ. ಕಾಣುವುದು ತಾಳಿಬೊಟ್ಟು, ಪದಕ, ಉಂಗುರದಂಥ ಇಡೀ ವಸ್ತು. ಅಂಥವೂ ಒಂದು ಗೇಣಿನ ಒಳಗಿದ್ದರೆ ಮಾತ್ರ.

ಹುಡುಕುವ ಬಗೆ

ನೆಲ ಸಾರಿಸುವಾಗ ಒಂದು ಸಲ ಕೈ ಆಡಿದ ಜಾಗದ ಅರ್ಧಕ್ಕೆ ಇನ್ನೊಂದು ಸಲ ಕೈ ಬರುತ್ತಲ್ಲ, ಹಾಗೆಯೇ ಬಿಲ್ಲೆ ಆಡಿಸಬೇಕು. ನಿಧಾನವಾಗಿ, ಸಮನಾಗಿ. ಎರಡೂ ತುದಿಯಲ್ಲಿ ಉಯ್ಯಾಲೆಯಂತೆ ಮೇಲೆ ಎತ್ತಬಾರದು. ಸದ್ದು ಬಂದ ಕಡೆ ಅಡ್ಡ ಒಮ್ಮೆ, ಉದ್ದ ಒಮ್ಮೆ ಆಡಿಸಿ. ಎರಡು ಗೆರೆ ಕೂಡುವಲ್ಲಿ ವಸ್ತು ಇರುತ್ತೆ. ಎರಡೂ ಕಡೆಯಿಂದ ಒಂದೇ ಅಂಕಿ ಬಂದರೆ ಅಗೆಯಿರಿ. ಕಳೆ ತೆಗೆಯುವ ಕುರ್ಚಿಗಿಯಿಂದ ಸ್ವಲ್ಪ ಪಕ್ಕದಲ್ಲಿ ಮಣ್ಣು ಎಬ್ಬಿಸಿ ಜರಡಿ ಹಿಡಿಯಿರಿ. ಆಮೇಲೆ ಗುಂಡಿ ಮುಚ್ಚಿ. ಸದ್ದು ಉದ್ದಕ್ಕೆ ಗೆರೆಯಂತೆ ಸಾಗಿದರೆ ಅದು ಪಂಪ್‌ಸೆಟ್ಟಿನ ಕೇಬಲ್ಲೋ ಪೈಪೋ ಇರುತ್ತೆ, ಅಲ್ಲಿ ಅಗೆಯಲೇಬೇಡಿ.

ಇದರಿಂದ ಆದ ಉಪಕಾರ ಹೇಳುತ್ತೇನೆ. ಹೋದ ಮುಂಗಾರಿನಲ್ಲಿ ನಮ್ಮ ಬೀದಿಯವರೊಬ್ಬರು ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೆಸುತ್ತಿದ್ದರು. ಸಂಜೆ ಕೈಕಾಲು ತೊಳೆಯುವಾಗ ನೋಡಿದರೆ ಕೊರಳಲ್ಲಿ ತಾಳಿ ಇಲ್ಲ. ಅವತ್ತು ಕೂಲಿಗೆ ಬಂದವರು ಐದು ಮಂದಿ. ಅವರಲ್ಲಿ ಒಬ್ಬಾಕೆ ಮಗುವಿಗೆ ಜ್ವರ ಎಂದು ಮಧ್ಯಾಹ್ನವೇ ಮನೆಗೆ ಹೋಗಿದ್ದಳು. ಸಾಕಲ್ಲ? ಕತ್ತಲಾಗುವುದರೊಳಗೆ ಅವಳ ಹೆಸರು ಬೀದಿಯೆಲ್ಲಾ ಆಗಿತ್ತು. ಮಾರನೇ ದಿನ ಅವಳೇ ನಮ್ಮ ಬಾಗಿಲಿಗೆ ಬಂದು, "ಅಕ್ಕಾರೆ, ನಿಮ್ಮ ಮನೇಲಿ ಅದೇನೋ ಕೋಲು ಐತಂತಲ್ಲ, ತಗಂಡ್ ಬರ್ರಿ. ಸಿಗ್ಲಿ ಬಿಡ್ಲಿ, ನಾನೂ ನಿಮ್ ಜತಿಗೆ ನಿಂತ್ಕಂಡು ಹುಡುಕ್ತೀನಿ" ಅಂದಳು.

ಯಂತ್ರ ಹಿಡಿಯುವುದಕ್ಕೆ ಮುಂಚೆ ಬಾಯಿಯಿಂದ ಹುಡುಕಿದೆವು. ಬೆಳಿಗ್ಗೆ ಯಾವ ಸಾಲಿನಿಂದ ಶುರು ಮಾಡಿದಿರಿ, ಎಲ್ಲಿ ನೀರು ಕುಡಿದಿರಿ, ಬುತ್ತಿ ಬಿಚ್ಚಿದ್ದು ಯಾವ ಬದುವಿನಲ್ಲಿ, ಕೊನೆಗೆ ತಾಳಿ ಮುಟ್ಟಿ ನೋಡಿಕೊಂಡ ನೆನಪು ಯಾವಾಗ? ಊಟ ಮಾಡುವಾಗ ಇತ್ತು ಎಂದರು. ಹಾಗಾದರೆ ಮಧ್ಯಾಹ್ನದ ಮೇಲಿನ ಹನ್ನೆರಡು ಸಾಲು ಮಾತ್ರ ನಮ್ಮ ಲೆಕ್ಕ. ಹಗ್ಗ ಕಟ್ಟಿಕೊಂಡು ಸಾಲು ಸಾಲಾಗಿ ಹೋದೆವು. ಮೊದಲು ಸಿಕ್ಕಿದ್ದು ಮೊಳೆ, ಬಾಟಲಿ ಮುಚ್ಚಳ, ಔಷಧಿ ಡಬ್ಬಿಯ ಹಾಳೆ ನಾಲ್ಕು, ಸದ್ದು ಮಾಡುವ ಕಬ್ಬಿಣಗಲ್ಲು. ಒಂಬತ್ತನೇ ಸಾಲಿನಲ್ಲಿ ಮತ್ತೆ ಅದೇ ಹಾಳೆಯ ಸದ್ದು. ಜೊತೆಗಿದ್ದವರು ಬಿಡು ಅಂದರು. ಆ ಹೆಣ್ಣುಮಗಳು ಬಿಡಲಿಲ್ಲ, ಕೂತು ಕುರ್ಚಿಗಿ ಹಾಕಿದಳು. ಎರಡು ಬೆರಳು ಆಳದಲ್ಲಿ, ಕಿತ್ತ ಹುಲ್ಲಿನ ಬೇರಿಗೆ ಸಿಕ್ಕಿಕೊಂಡು ತಾಳಿಬೊಟ್ಟು, ಅದರ ಹಿಂದೆ ಸರ.

ತಾಳಿ ಸಿಕ್ಕ ಸಂತೋಷ ಎಲ್ಲರಿಗೂ ಆಯಿತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಅವಳ ಬಗ್ಗೆ ಆಡಿದ್ದನ್ನು ಯಾವ ಕೋಲಿನಿಂದ ಎತ್ತುವುದು? ಆ ಮನೆಯಾಕೆ ಸಂಜೆ ಅರಿಸಿನ ಕುಂಕುಮ ಹಿಡಿದು ಅವಳ ಮನೆಗೇ ಹೋಗಿ, ಬೀದಿಯವರ ಎದುರಿಗೇ "ತಪ್ಪಾತವ್ವಾ" ಎಂದು ಬಂದರು. ಅದು ದೊಡ್ಡತನ. ಆದರೂ ಅವಳು ಆಮೇಲೆ ಆ ಹೊಲಕ್ಕೆ ಕೂಲಿಗೆ ಹೋಗಲಿಲ್ಲ. ನಮ್ಮ ಹೊಲಕ್ಕೆ ಬರುತ್ತಾಳೆ. ಅದಕ್ಕೇ ಹೇಳುವುದು, ಒಡವೆ ಕಳೆದಾಗ ಮೊದಲು ನೆಲ ಹುಡುಕಿ, ಮನುಷ್ಯರನ್ನು ಆಮೇಲೆ.

ನಿಧಿಯ ಆಸೆ ಬೇಡ

ಈ ಯಂತ್ರ ಮನೆಯಲ್ಲಿದೆ ಎಂದು ಗೊತ್ತಾದ ಕೂಡಲೇ ಬರುವ ಇನ್ನೊಂದು ಜಾತಿಯ ಜನ ಇದ್ದಾರೆ. ಹಾಳು ಗುಡಿಯ ಹಿಂದೆ ಕೊಪ್ಪರಿಗೆ ಇದೆ, ರಾತ್ರಿ ಬನ್ನಿ ಅಂತಾರೆ. ನಮ್ಮ ಸೀಮೆಯಲ್ಲಿ ಹೊನ್ನಾಳಿ ಎಂಬ ಹೆಸರಿನಲ್ಲೇ ಹೊನ್ನು ಇದೆ. ಕುದುರೆಕೊಂಡ, ಪಾಳವನಹಳ್ಳಿ ಕಡೆ ಹಿಂದೆ ಚಿನ್ನದ ಗಣಿ ಕೆಲಸವೂ ನಡೆದಿತ್ತು. ಆದರೆ ಕಲ್ಲಿನೊಳಗೆ ಪುಡಿಪುಡಿಯಾಗಿ ಹರಡಿದ ಚಿನ್ನವನ್ನು ಈ ಕೋಲು ಕಾಣಲಾರದು. ಮೂವತ್ತು ಅಡಿ ಆಳದ ನಿಧಿ ತೋರಿಸುತ್ತೇವೆ ಎಂದು ಯಂತ್ರ ಹಿಡಿದು ಬರುವವರು ನಿಮ್ಮ ದುಡ್ಡಿನ ನಿಧಿಯನ್ನೇ ಹುಡುಕುತ್ತಿರುತ್ತಾರೆ.

ಕಾನೂನೂ ಇದೆ. ನೆಲದಲ್ಲಿ ನಿಧಿ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಕೇಂದ್ರ ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯ, ವಿಗ್ರಹಗಳು ಪುರಾತನ ವಸ್ತು, ಸಿಕ್ಕ ಹಾಗೆ ಮಾರುವಂತಿಲ್ಲ. ನಿಧಿಗಾಗಿ ಮಾಟ ಮಾಡಿ ಅಮಾನುಷ ಕೃತ್ಯ ನಡೆಸುವುದು ನಮ್ಮ ರಾಜ್ಯದ 2017ರ ಕಾಯಿದೆಯಲ್ಲಿ ಅಪರಾಧ. ರಕ್ಷಿತ ಸ್ಮಾರಕಗಳ ಹತ್ತಿರ ಕೋಲು ಹಿಡಿದು ಸುಳಿಯಲೇಬಾರದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮ್ ದೇಶದ ಹಳೆಯ ಬೆಳ್ಳಿ ನಾಣ್ಯಗಳು ಸಿಕ್ಕಿವೆ. 1947ರಲ್ಲಿ ವೀಲರ್ ಎಂಬ ಪುರಾತತ್ವಜ್ಞರು ಅಲ್ಲಿ ಅಗೆಸಿದಾಗ ಮಣ್ಣಿನ ಒಂದೊಂದು ಪದರವನ್ನೂ ಗುರುತು ಹಾಕಿ ನೋಡಿದ್ದರಿಂದಲೇ, ಯಾವ ಪದರ ಯಾವ ಕಾಲದ್ದೆಂದು ಲೆಕ್ಕ ಹಾಕಲು ಇಂಥ ನಾಣ್ಯಗಳು ಆಸರೆಯಾದವು. ಕದ್ದು ಕಿತ್ತ ನಾಣ್ಯ ಬಾಯಿ ಕಟ್ಟಿದ ಸಾಕ್ಷಿಯಂತೆ, ಏನೂ ಹೇಳುವುದಿಲ್ಲ.

ಒಳ್ಳೆಯ ಕೆಲಸಕ್ಕೆ ಬೇಕಾದಷ್ಟು ಅವಕಾಶವಿದೆ. 1739ರ ಫೆಬ್ರವರಿ 15ರಂದು ಹುಟ್ಟಿದರೆಂದು ನಂಬಿರುವ ಸಂತ ಸೇವಾಲಾಲರ ಜಯಂತಿಗೆ ನಮ್ಮ ಸೂರಗೊಂಡನಕೊಪ್ಪಕ್ಕೆ ಎಲ್ಲೆಲ್ಲಿಂದಲೋ ಬಂಜಾರ ಜನ ಬರುತ್ತಾರೆ. ಕನ್ನಡಿ, ನಾಣ್ಯ, ಗೆಜ್ಜೆ, ಬೆಳ್ಳಿಯ ಸಾಮಾನು ಮೈತುಂಬ ತೊಟ್ಟ ಹೆಂಗಸರು ಕುಣಿಯುವ ಜಾಗದಲ್ಲಿ ಒಂದಾದರೂ ಗೆಜ್ಜೆ ಕಳಚಿ ಬೀಳದೆ ಇರುತ್ತದೆಯೇ? ಅಂಥ ಕಡೆ ಸಂಬಂಧಪಟ್ಟವರನ್ನು ಕೇಳಿ ಹುಡುಕಿ, ಸಿಕ್ಕಿದ್ದನ್ನು ಅವರ ಕೈಗೇ ಒಪ್ಪಿಸಬೇಕು. ಮನೆಗೊಂದು ಯಂತ್ರ ಬೇಕಿಲ್ಲ. ಸ್ತ್ರೀಶಕ್ತಿ ಸಂಘಕ್ಕೆ ಒಂದಿದ್ದರೆ ಊರಿಗೇ ಆಯಿತು.

ಕೊನೆಗೆ ಎರಡು ಸಲಹೆ. ಮಣ್ಣಿನಿಂದ ತೆಗೆದ ಚಿನ್ನವನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತೆ. ಅಂಟುವಾಳದ ನೀರಿನಲ್ಲಿ ನೆನೆಸಿ ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ. ಹೊಲದ ಕೆಲಸಕ್ಕೆ ಹೋಗುವವರು ತಿಂಗಳಿಗೊಮ್ಮೆ ಸರದ ಕೊಂಡಿ, ಓಲೆಯ ತಿರುಪು ನೋಡಿಕೊಳ್ಳಿ. ಸವೆದಿದ್ದರೆ ಅಕ್ಕಸಾಲಿಗರ ಹತ್ತಿರ ಬೆಸುಗೆ ಹಾಕಿಸಿ. ಅಷ್ಟು ಮಾಡಿಕೊಂಡವರಿಗೆ ನನ್ನ ಕೋಲಿನ ಅಗತ್ಯ ಬೀಳುವುದು ಕಡಿಮೆ.