ಯಾವ ಕಾಲೇಜಿಗೆ ಸೇರಿಸಬೇಕು?

ದ್ವಿತೀಯ ಪಿ.ಯು. ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮೇಲಿನ ಕೆಲವು ವಾರಗಳಲ್ಲಿ ನಮ್ಮಂತಹ ಕಾಲೇಜು ಮಾಸ್ತರರ ಮನೆಗೆ ಬರುವವರೆಲ್ಲ ಒಂದೇ ಪ್ರಶ್ನೆಯನ್ನು ಹೊತ್ತು ಬರುತ್ತಾರೆ. ಕಳೆದ ತಿಂಗಳು ಒಂದು ಸಂಜೆ ಬ್ಯಾಡಗಿಯ ನಮ್ಮ ಮನೆಗೆ ಬಂದವರು ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ತೂಕದ ಲೆಕ್ಕ ಬರೆಯುವ ಗೃಹಸ್ಥರು. ಅವರ ಹಿಂದೆ ಮಗಳು ನಿಂತಿದ್ದಳು. ತಾಯಿ ಸುಗ್ಗಿಯ ದಿನಗಳಲ್ಲಿ ಕಾಯಿಯ ತೊಟ್ಟು ಬಿಡಿಸಿ ದುಡಿಯುವವಳು. ಹುಡುಗಿ ಕಲಾ ವಿಭಾಗದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಳು.

“ಸರ, ಇಕಿ ವಕೀಲಕಿ ಓದತೇನಿ ಅಂತ ಹಟಾ ಹಿಡದಾಳ್ರಿ. ಅದಕ್ಕ ಈಗ ಯಾವ ಕಾಲೇಜಿಗೆ ಸೇರಸಬೇಕು, ನೀವ ಹೇಳ್ರಿ. ಹುಬ್ಬಳ್ಳಿಗೋ, ಬೆಂಗಳೂರಿಗೋ?” ಎಂದರು ಅವರು.

ನಾನು ಹುಡುಗಿಯ ಕಡೆಗೆ ತಿರುಗಿ, “ಯಾಕ ತಂಗಿ, ಕಾನೂನೇ ಯಾಕ?” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದಿಷ್ಟು. 2024ರ ಮಾರ್ಚ್ 11ರ ಸೋಮವಾರ ಬೆಲೆ ಕುಸಿದುದಕ್ಕೆ ಸಿಟ್ಟಿಗೆದ್ದ ರೈತರು ನಮ್ಮ ಊರಿನ ಕೃಷಿ ಮಾರುಕಟ್ಟೆಯ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದ ಸಂಗತಿ ವಾಚಕರಿಗೆ ನೆನಪಿರಬಹುದು. ಆ ಬಳಿಕ ಹಲವರ ಬಂಧನವಾಯಿತು. ಕೆಲವು ದಿನಗಳ ಮೇಲೆ ದೂರದ ಊರಿನ ಇಬ್ಬರು ಹೆಂಗಸರು ಇವಳ ತಂದೆಯ ಅಂಗಡಿಯ ಕಟ್ಟೆಯ ಮೇಲೆ ಕುಳಿತು, “ಜಾಮೀನು ಅಂದ್ರ ಏನ್ರಿ? ಅದಕ್ಕ ಯಾರ ಕಡೆ ಹೋಗಬೇಕ್ರಿ?” ಎಂದು ಹೋಗಿ ಬರುವವರನ್ನೆಲ್ಲ ಕೇಳುತ್ತಿದ್ದರಂತೆ. ಯಾರೂ ಸರಿಯಾಗಿ ಉತ್ತರ ಹೇಳಲಿಲ್ಲವಂತೆ. “ನಂಗೂ ಹೇಳಾಕ ಬರಲಿಲ್ಲ ಸರ” ಎಂದಳು ಹುಡುಗಿ.

ಈ ಕಾರಣವನ್ನು ಕೇಳಿದ ಮೇಲೆ ಬಾಯಿಗೆ ಬಂದ ಕಾಲೇಜಿನ ಹೆಸರು ಹೇಳಿ ಕಳುಹಿಸುವುದು ನನ್ನಿಂದಾಗಲಿಲ್ಲ. ಎರಡು ದಿನ ಬಿಟ್ಟು ಬರಲು ಹೇಳಿದೆ. ಆ ಎರಡು ದಿನ ನಾನು ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆಯನ್ನು ಹೊತ್ತ ಮನೆಗಳು ನಮ್ಮ ನಾಡಿನಲ್ಲಿ ಬಹಳ ಇವೆ.

ಮೊದಲು ನಿಯಮವನ್ನು ನೋಡೋಣ. ನಮ್ಮ ದೇಶದಲ್ಲಿ ವಕೀಲರಾಗಲು ಎರಡು ದಾರಿಗಳಿವೆ. ಪಿ.ಯು. ಮುಗಿದೊಡನೆ ಐದು ವರ್ಷದ ಸಂಯುಕ್ತ ಪದವಿಯನ್ನು ಓದುವುದು ಒಂದು. ಯಾವುದಾದರೊಂದು ಪದವಿಯನ್ನು ಪಡೆದು, ಅನಂತರ ಮೂರು ವರ್ಷದ ಎಲ್‌ಎಲ್.ಬಿ. ಓದುವುದು ಇನ್ನೊಂದು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಪ್ರವೇಶಕ್ಕೆ ಸಾಮಾನ್ಯ ವರ್ಗದವರಿಗೆ ನೂರಕ್ಕೆ 45, ಇತರ ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟರಿಗೆ 40 ಅಂಕಗಳಿರಬೇಕು. ಪದವಿ ಕಲೆಯದೋ ವಿಜ್ಞಾನದ್ದೋ ವಾಣಿಜ್ಯದ್ದೋ ಎಂದು ಆ ನಿಯಮ ಕೇಳುವುದಿಲ್ಲ. ಅದನ್ನು ಯಾವ ಊರಿನಲ್ಲಿ ಪಡೆದಿರಿ ಎಂದೂ ಕೇಳುವುದಿಲ್ಲ. ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿಯಾದ ಮೇಲೆಯೇ ಕಾನೂನಿನ ಓದು; ಅಲ್ಲಿನ ವಕೀಲರ ಸಂಘವೂ ಇಂತಹದೇ ವಿಷಯವನ್ನು ಓದಿ ಬನ್ನಿರೆಂದು ಕಟ್ಟು ಹಾಕಿಲ್ಲ. ಆದುದರಿಂದ ‘ಕಾನೂನಿಗೆ ತಕ್ಕ ಪದವಿ’ ಎಂದು ಯಾರಾದರೂ ಹೆಚ್ಚಿನ ಶುಲ್ಕ ಕೇಳಿದರೆ ತಂದೆತಾಯಿಗಳು ಅಲ್ಲಿಯೇ ಒಂದು ಕ್ಷಣ ನಿಲ್ಲುವುದು ಒಳ್ಳೆಯದು.

ಹಾಗಾದರೆ ಐದು ವರ್ಷದ ದಾರಿಯೇ ಹತ್ತಿರವಲ್ಲವೆ? ಹತ್ತಿರವೇ, ಆದರೆ ಒಂದೇ ವರ್ಷದಷ್ಟು. ಹದಿನೆಂಟಕ್ಕೆ ಪಿ.ಯು. ಮುಗಿಸಿದವರು ಒಂದು ದಾರಿಯಲ್ಲಿ ಇಪ್ಪತ್ಮೂರಕ್ಕೂ ಇನ್ನೊಂದು ದಾರಿಯಲ್ಲಿ ಇಪ್ಪತ್ನಾಲ್ಕಕ್ಕೂ ಕಾನೂನು ಪದವೀಧರರಾಗುತ್ತಾರೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಹೋಗಬಯಸುವವರು 2008ರಲ್ಲಿ ಆರಂಭವಾದ ‘ಕ್ಲಾಟ್’ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿ, ತರಬೇತಿಗೆ ದುಡ್ಡಿಲ್ಲದ ಹದಿನೇಳರ ಹುಡುಗಿಗೆ ಆ ಬಾಗಿಲು ಕಿರಿದು. ಆದರೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2022ರಲ್ಲಿ ಪದವೀಧರರಿಗಾಗಿ ಮೂರು ವರ್ಷದ ಎಲ್‌ಎಲ್.ಬಿ. ತರಗತಿಯನ್ನು ತೆರೆಯಿತು. ಹದಿನೇಳರಲ್ಲಿ ಮುಚ್ಚಿದ ಬಾಗಿಲನ್ನು ಇಪ್ಪತ್ತೊಂದರಲ್ಲಿ ಮತ್ತೊಮ್ಮೆ ತಟ್ಟಬಹುದು. ನಡುವಿನ ಮೂರು ವರ್ಷಗಳನ್ನು ಹೇಗೆ ಕಳೆದೆವೆಂಬುದೇ ಮುಖ್ಯವಾದ ಮಾತು.

ನಮ್ಮ ಕಡೆಯವರಿಗೆ ಕಾನೂನಿನ ಓದು ಒಂದು ಕಾಲದಲ್ಲಿ ನಿಜವಾಗಿಯೂ ದೂರದ್ದಾಗಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮುಂಚೆ ಪದವಿ ಬೇಕಾದವರು ಪುಣೆಗೆ ಹೋಗಬೇಕು, ವಕೀಲಿ ಬೇಕಾದವರು ಮುಂಬಯಿಗೆ ಹೋಗಬೇಕು. ಆಲೂರ ವೆಂಕಟರಾಯರು ಹೋದದ್ದು ಆ ದಾರಿಯಲ್ಲಿಯೇ. ಕಾಲೇಜು ಬಂದ ಮೇಲೆ ಏನಾಯಿತೆಂಬುದಕ್ಕೆ ನಮ್ಮ ಜಿಲ್ಲೆಯದೇ ನಿದರ್ಶನವಿದೆ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಓದಿದ್ದು ಧಾರವಾಡದಲ್ಲಿ. ಅಲ್ಲಿಂದ ಮುಂದೆ ಅವರು ಆಕ್ಸ್‌ಫರ್ಡಿಗೆ ಹೋದರು. 1964ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಪಿ.ಬಿ. ಗಜೇಂದ್ರಗಡಕರರೂ ಪುಣೆಗೆ ಹೋಗುವ ಮುನ್ನ ಎರಡು ವರ್ಷ ಅದೇ ಹೊಸ ಕಾಲೇಜಿನ ವಿದ್ಯಾರ್ಥಿಗಳಾಗಿದ್ದರು. ಆಗ ಆ ಕಾಲೇಜಿಗೆ ಹಳೆಯ ಕೀರ್ತಿಯೇನೂ ಇರಲಿಲ್ಲ. ಓದಿಸುವ ಗುರುಗಳಿದ್ದರು, ಓದುವ ಹುಡುಗರಿದ್ದರು.

ಇಂದು ಆ ದೂರ ಬಹುಮಟ್ಟಿಗೆ ಕರಗಿದೆ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಿಂದ ನಡೆಯುತ್ತಿದೆ. ಧಾರವಾಡ, ಹುಬ್ಬಳ್ಳಿಗಳ ಮಾತು ಹಾಗಿರಲಿ, ನಮ್ಮ ನೆರೆಯ ರಾಣೇಬೆನ್ನೂರಿನಲ್ಲಿಯೇ ಕಾನೂನು ಕಾಲೇಜಿದೆ. 2009ರಲ್ಲಿ ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಅದರ ಪರೀಕ್ಷೆಗಳಲ್ಲಿ ಕನ್ನಡದಲ್ಲಿಯೂ ಉತ್ತರ ಬರೆಯಲು ಅವಕಾಶವುಂಟು. ಧಾರವಾಡದಲ್ಲಿ 2008ರಲ್ಲಿ ಸಂಚಾರಿಯಾಗಿ ಬಂದ ಉಚ್ಚ ನ್ಯಾಯಾಲಯದ ಪೀಠ 2013ರಲ್ಲಿ ಕಾಯಂ ಆಯಿತು. ಹಾವೇರಿ ಜಿಲ್ಲೆಯ ಮೇಲ್ಮನವಿಗಳು ಈಗ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಇನ್ನೊಂದು ಸಣ್ಣ ಸಂಗತಿ. ಆದರೆ ಬಡವರ ಮನೆಗೆ ಅದು ಸಣ್ಣದಲ್ಲ. 2023ರ ಜೂನ್ 11ರಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣ ಬೇಡವೆಂದಾಯಿತು. ಮನೆಯಲ್ಲಿ ಊಟ ಮಾಡಿ ಹಾವೇರಿಗೋ ರಾಣೇಬೆನ್ನೂರಿಗೋ ಹೋಗಿ ಓದಿ ಬರುವ ಹುಡುಗಿಯರ ಸಂಖ್ಯೆ ನಮ್ಮ ಕಣ್ಣೆದುರಿಗೇ ಹೆಚ್ಚಿದೆ.

ಕಾನೂನಿನ ಬದಲು ಎಂ.ಎ., ಸಂಶೋಧನೆ ಎಂದು ಹೊರಟವರ ಪಾಡು ಈಚೆಗೆ ಹೆಚ್ಚು ತೊಡಕಿನದಾಗಿದೆ. 2021ರಲ್ಲಿ ನಮ್ಮ ರಾಜ್ಯವು ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಜಾರಿಗೆ ತಂದಿತು. 2024ರಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನನುಸರಿಸಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಒಂದೇ ಮನೆಯ ಅಣ್ಣ ಒಂದು ಕ್ರಮದಲ್ಲಿ, ತಮ್ಮ ಇನ್ನೊಂದು ಕ್ರಮದಲ್ಲಿ ಓದಿದ್ದನ್ನು ನಾನು ಬಲ್ಲೆ. ಕೇಂದ್ರದ ವಿಶ್ವವಿದ್ಯಾಲಯ ಅನುದಾನ ಆಯೋಗವಾದರೋ ನಾಲ್ಕು ವರ್ಷ ಓದಿದವರಿಗೆ ಒಂದೇ ವರ್ಷದ ಸ್ನಾತಕೋತ್ತರ ಪದವಿ ಸಾಕೆಂದಿದೆ. ನೂರಕ್ಕೆ 75 ಅಂಕಗಳಿದ್ದವರು ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದೆಂದೂ ಹೇಳಿದೆ. ಮೂರು ವರ್ಷದ ಪದವೀಧರರಿಗೆ ಎರಡು ವರ್ಷದ ಎಂ.ಎ. ಅಗತ್ಯ. ಮಾಸ್ತರಿಕೆಗೆ ಬೇಕಾದ ‘ನೆಟ್’ ಪರೀಕ್ಷೆಗೆ ಕೂಡಲು ಎಂ.ಎ. ಮಾಡಿದವರಿಗೆ ಅದರಲ್ಲಿ ನೂರಕ್ಕೆ 55 ಅಂಕಗಳಿರಬೇಕು. ಮೀಸಲು ವರ್ಗದವರಿಗೆ 50. ಹೊರದೇಶಕ್ಕೆ ಹೋಗುವ ಮನಸ್ಸಿದ್ದವರು, ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನೇ ಅಪೇಕ್ಷಿಸುತ್ತವೆಂಬುದನ್ನು ಮೊದಲೇ ಮನಗಾಣಬೇಕು.

ನಮ್ಮ ಜಿಲ್ಲೆಗೆ ಸ್ವಂತ ವಿಶ್ವವಿದ್ಯಾಲಯವೂ ಬಂದಿತು. ಕೆರಿಮತ್ತಿಹಳ್ಳಿಯ ಸ್ನಾತಕೋತ್ತರ ಕೇಂದ್ರವೇ 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯವಾಯಿತು. ಎರಡು ವರ್ಷ ತುಂಬುವ ಮೊದಲೇ, 2025ರಲ್ಲಿ, ಅದೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯವುಗಳಲ್ಲಿ ಸೇರಿಸಬೇಕೆಂಬ ಸಲಹೆ ಸಚಿವ ಸಂಪುಟದ ಉಪಸಮಿತಿಯಿಂದ ಬಂದಿತು. ಹಣವನ್ನೂ ಅಧ್ಯಾಪಕರನ್ನೂ ಕೊಡದೆ ಹೆಸರನ್ನು ಮಾತ್ರ ಕೊಟ್ಟರೆ ಯಾವ ಸಂಸ್ಥೆಯಾದರೂ ಹೇಗೆ ಬದುಕೀತು? ಆದರೆ ಅಂಕಪಟ್ಟಿಯ ಮೇಲೆ ಯಾರ ಮುದ್ರೆ ಬೀಳುವುದೋ ಎಂಬ ಚಿಂತೆಯನ್ನು ಹದಿನೆಂಟರ ಮಕ್ಕಳ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹತ್ತು ಹನ್ನೆರಡು ವರ್ಷಗಳ ಹಿಂದೆ ಇಂತಹದೇ ಒಂದು ಸಂಜೆ, ಇಂತಹದೇ ಪ್ರಶ್ನೆಯನ್ನು ಹೊತ್ತು ಒಬ್ಬ ರೈತರು ಮಗನೊಡನೆ ಬಂದಿದ್ದರು. ಹುಡುಗ ಚುರುಕು. ಅವನಿಗೂ ಕಾನೂನಿನ ಆಸೆ. ನಾನು ಹಿಂದುಮುಂದು ನೋಡದೆ ರಾಜಧಾನಿಯ ಹೆಸರಾಂತ ಕಾಲೇಜೊಂದರ ಹೆಸರು ಹೇಳಿ, ಅಲ್ಲಿ ಬಿ.ಎ. ಓದಿದರೆ ಮುಂದಿನದೆಲ್ಲ ಸುಲಭವೆಂದೆ. ತಂದೆ ಸಾಲ ಮಾಡಿದರು. ಹುಡುಗ ಇಂಗ್ಲಿಷಿನ ಪಾಠ ಅರ್ಥವಾಗದೆ, ಅರ್ಥವಾಗಲಿಲ್ಲವೆಂದು ಹೇಳಲು ನಾಚಿ, ಒಂದೂವರೆ ವರ್ಷಕ್ಕೆ ಊರಿಗೆ ಮರಳಿದ. ಆ ಮೇಲೆ ಓದಲಿಲ್ಲ. ಸಾಲ ತೀರಲು ಇನ್ನೂ ಆರು ವರ್ಷ ಹಿಡಿಯಿತು. ಇಂದಿಗೂ ಪೇಟೆಯಲ್ಲಿ ಕಂಡರೆ “ನಮಸ್ಕಾರ್ರಿ ಸರ” ಎನ್ನುತ್ತಾನೆ; ಆ ನಮಸ್ಕಾರವನ್ನು ಸ್ವೀಕರಿಸುವುದು ನನಗೆ ಕಷ್ಟ. ಆ ಕಾಲೇಜಿನದು ತಪ್ಪಿರಲಿಲ್ಲ. ಕಾಲೇಜಿನ ಹೆಸರನ್ನು ನೋಡಿ ಹುಡುಗನನ್ನು ನೋಡದೆ ಹೋದ ನನ್ನದು ತಪ್ಪು.

ದುಡ್ಡಿನ ಮಾತನ್ನು ಆಡದೆ ಈ ವಿಷಯ ಮುಗಿಯುವುದಿಲ್ಲ. ಕಾನೂನು ಓದುವವರ ನಿಜವಾದ ಕಷ್ಟಕಾಲ ಪದವಿಯ ದಿನಗಳಲ್ಲ. ಕಪ್ಪು ಕೋಟು ತೊಟ್ಟ ಮೊದಲ ಮೂರು ನಾಲ್ಕು ವರ್ಷಗಳು. ಹಿರಿಯ ವಕೀಲರ ಕೈಕೆಳಗೆ ಕಡತ ಹೊತ್ತು ನಿಲ್ಲುವ ಕಿರಿಯನಿಗೆ ಎಷ್ಟೋ ಕಡೆ ಸಂಬಳವೆಂಬುದು ಇರುವುದಿಲ್ಲ. 2024ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯ ವಕೀಲರ ಪರಿಷತ್ತುಗಳು ನೋಂದಣಿಗೆ ಕಾಯಿದೆಯಲ್ಲಿ ಹೇಳಿದ 750 ರೂಪಾಯಿಗಿಂತ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯಕೂಡದೆಂದು ತೀರ್ಪಿತ್ತುದು ಬಡ ಮಕ್ಕಳಿಗೆ ದೊಡ್ಡ ಉಪಕಾರ. ಆದರೆ 2025ರ ಮೇ 20ರಂದು ಅದೇ ನ್ಯಾಯಾಲಯವು, ಸಿವಿಲ್ ನ್ಯಾಯಾಧೀಶರ ಮೊದಲ ಹುದ್ದೆಗೆ ಮೂರು ವರ್ಷದ ವಕೀಲಿ ಅನುಭವ ಬೇಕೆಂಬ ಹಳೆಯ ನಿಯಮವನ್ನು ಮತ್ತೆ ತಂದಿತು. ಅನುಭವವಿಲ್ಲದವರು ಪೀಠದ ಮೇಲೆ ಕೂಡಬಾರದೆಂಬ ಮಾತು ಸರಿಯೇ. ಆದರೆ ಆ ಮೂರು ವರ್ಷ ಊಟಕ್ಕೆ ಎಲ್ಲಿಂದ ಎಂಬ ಪ್ರಶ್ನೆ ತೂಕ ಬರೆಯುವವರ ಮಗಳಿಗೆ ಉಂಟು, ಧನಿಕರ ಮಗನಿಗೆ ಇಲ್ಲ.

ಇದರಿಂದ ನನಗೆ ತೋರುವುದು ಇಷ್ಟು. ಮನೆಯಲ್ಲಿರುವ ಅಷ್ಟಿಷ್ಟು ಹಣವನ್ನು ಮೊದಲ ಮೂರು ವರ್ಷದ ಪದವಿಗೇ ಸುರಿದು ಬರಿಗೈಯಾಗಬಾರದು. ಬೀಜದ ಕಾಳನ್ನು ತಿಂದು ಬಿತ್ತನೆಯ ಹೊತ್ತಿಗೆ ಸಾಲಕ್ಕೆ ಅಲೆಯುವ ಒಕ್ಕಲುತನ ಅದು. ಹತ್ತಿರದ ಕಾಲೇಜಿನಲ್ಲಿ ಓದಿ ಹಣವನ್ನು ಉಳಿಸಿಕೊಂಡರೆ, ಅದು ಕಾನೂನಿನ ಓದಿಗೂ ಆ ಮೇಲಿನ ಬರಗಾಲಕ್ಕೂ ಒದಗುತ್ತದೆ.

ಹತ್ತಿರದ್ದೆಂಬ ಒಂದೇ ಕಾರಣಕ್ಕೆ ಯಾವುದೋ ಒಂದು ಕಾಲೇಜಾದರೆ ಸಾಲದು. ಸೇರಿಸುವ ಮುನ್ನ ತಂದೆತಾಯಿಗಳು ಅಲ್ಲಿಗೆ ಒಮ್ಮೆ ಹೋಗಿ ಬರಬೇಕು. ತರಗತಿಗಳು ನಿಜವಾಗಿ ನಡೆಯುತ್ತವೆಯೆ? ಗ್ರಂಥಾಲಯದ ಬೀಗ ದಿನಾಲು ತೆರೆಯುತ್ತದೆಯೆ? ವರ್ಷಕ್ಕೆ ನಾಲ್ಕು ಚರ್ಚಾಕೂಟಗಳಾದರೂ ಆಗುತ್ತವೆಯೆ? ಇಂಗ್ಲಿಷನ್ನು ಭಯವಿಲ್ಲದಂತೆ ಕಲಿಸುವ ಒಬ್ಬ ಅಧ್ಯಾಪಕರಾದರೂ ಇದ್ದಾರೆಯೆ? 2023ರ ಕೊನೆಯಲ್ಲಿ ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಭದ್ರತೆಗಾಗಿ ಮುಷ್ಕರ ಹೂಡಿದಾಗ ಎಷ್ಟು ತರಗತಿಗಳು ಬರಿದಾದವೆಂಬುದನ್ನು ಕಂಡೆವು. ಮಾಸ್ತರನ ನಾಳೆಯೇ ಗಟ್ಟಿಯಿಲ್ಲದ ಕಡೆ ವಿದ್ಯಾರ್ಥಿಯ ನಾಳೆಯನ್ನು ಕಟ್ಟುವುದು ಹೇಗೆ? ಈ ಪ್ರಶ್ನೆಗೆ ಸರ್ಕಾರವೇ ಉತ್ತರಿಸಬೇಕು.

ಇಂಗ್ಲಿಷಿನ ಮಾತೆತ್ತಿದ ಕನ್ನಡ ಮಾಸ್ತರನನ್ನು ಕೆಲವರು ಆಕ್ಷೇಪಿಸಿಯಾರು. ತಾಲ್ಲೂಕಿನ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವುದು ಕನ್ನಡದಲ್ಲಿ. ಆ ಸಾಕ್ಷಿಯ ಮಾತಿನ ಒಳಗನ್ನು ತಿಳಿಯಬೇಕಾದರೆ ವಕೀಲರಿಗೆ ಒಳ್ಳೆಯ ಕನ್ನಡವೇ ಬೇಕು. ಆದರೆ ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷು. ಜಾಮೀನೆಂದರೇನೆಂದು ಕೇಳಿದ ಆ ಹೆಂಗಸರಿಗೆ ಕನ್ನಡದಲ್ಲಿ ತಿಳಿಸಿ ಹೇಳಿ, ಅದೇ ಮೊಕದ್ದಮೆಯನ್ನು ಧಾರವಾಡದ ಪೀಠದೆದುರು ಇಂಗ್ಲಿಷಿನಲ್ಲಿ ವಾದಿಸಬಲ್ಲವರು ನಮಗೆ ಬೇಕಾಗಿದ್ದಾರೆ.

ಎರಡು ದಿನ ಕಳೆದು ತಂದೆ ಮಗಳು ಮತ್ತೆ ಬಂದರು. ಇತಿಹಾಸ, ರಾಜ್ಯಶಾಸ್ತ್ರಗಳನ್ನು ತೆಗೆದುಕೊಂಡು ಇಲ್ಲಿಯೇ ಬಿ.ಎ. ಓದಲಿ, ಮುಂದೆ ಎಂ.ಎ.ಯ ಕಡೆ ಮನಸ್ಸು ತಿರುಗಿದರೂ ಆ ವಿಷಯಗಳು ಕೈಬಿಡುವುದಿಲ್ಲ, ದಿನಕ್ಕೊಂದು ಪುಟ ಇಂಗ್ಲಿಷ್ ಬರೆದು ತಂದು ತೋರಿಸಲಿ ಎಂದು ಹೇಳಿದೆ. ತಂದೆಗೆ ಸಮಾಧಾನವೂ ಆಯಿತು, ಅನುಮಾನವೂ ಬಂದಿತು.

“ಅಂದ್ರ ಊರ ಕಾಲೇಜು ಸಾಕಾಗತೈತೇನ್ರಿ ಸರ?”

ಸಾಕಾಗುತ್ತದೆಂದು ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. “ಸಾಕಾಗುವಂಗ ಮಾಡಬೇಕ್ರಿ. ಅರ್ಧಾ ಕೆಲಸ ಇಕಿದು, ಅರ್ಧಾ ನಮ್ಮದು” ಎಂದೆ.

ಜೂನ್ ತಿಂಗಳಿನಿಂದ ಸಂಜೆ ಒಂದು ತಾಸು ಕಾಲೇಜಿನ ಗ್ರಂಥಾಲಯವನ್ನು ತೆರೆದಿಡಲು ನಾವು ಮೂವರು ಅಧ್ಯಾಪಕರು ಒಪ್ಪಿದ್ದೇವೆ. ಹುಡುಗಿಯ ಮೊದಲ ಪುಟ ನಿನ್ನೆ ನನ್ನ ಮೇಜಿಗೆ ಬಂದಿದೆ. ತಪ್ಪುಗಳು ಬಹಳ ಇವೆ. ತಿದ್ದಬೇಕು.