‘ಇಂದ’ ಎಂಬಲ್ಲಿರುವ ಹೆಸರು

ಪತ್ರಲೇಖನದ ಪಾಠದಲ್ಲಿ ‘ಇಂದ’ ಎಂದು ಬರೆದು, ಅದರ ಕೆಳಗೆ ಹೆಸರು, ಊರು, ತಾಲೂಕುಗಳನ್ನು ನಮೂದಿಸುವುದನ್ನು ಕನ್ನಡ ಶಾಲೆಯಲ್ಲಿ ಓದಿದವರೆಲ್ಲ ಕಲಿತಿದ್ದೇವೆ. ಆದರೆ ಇ-ಮೇಲ್ ಎಂಬ ಇಂದಿನ ಅಂಚೆಯಲ್ಲಿ ಆ ಸ್ಥಳದಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದು. 1982ರಲ್ಲಿ ಜಾನ್ ಪೋಸ್ಟೆಲ್ ಅವರು ಬರೆದ ರವಾನೆಯ ನಿಯಮಗಳಲ್ಲಿ ಕಳುಹಿಸಿದವರನ್ನು ಪರೀಕ್ಷಿಸುವ ಏರ್ಪಾಡು ಇರಲಿಲ್ಲ.

ಈ ಕೊರತೆಯಿಂದಾದ ಹಾನಿ ಅಲ್ಪವಲ್ಲ. 2004ರ ಜನವರಿಯಲ್ಲಿ ಜಗತ್ತಿನಾದ್ಯಂತ ಹಬ್ಬಿದ ‘ಮೈಡೂಮ್’ ವೈರಸ್ ಸುಳ್ಳು ವಿಳಾಸಗಳ ಮರೆಯಲ್ಲಿಯೇ ಸಂಚರಿಸಿತು. 2016ರಲ್ಲಿ ರಿಸರ್ವ್ ಬ್ಯಾಂಕಿನದೆಂದು ತೋರುತ್ತಿದ್ದ ಪತ್ರದ ಲಗತ್ತನ್ನು ತೆರೆದುದರಿಂದ ಯೂನಿಯನ್ ಬ್ಯಾಂಕಿನ ಗಣಕಯಂತ್ರದೊಳಗೆ ಕುತಂತ್ರಾಂಶ ಹೊಕ್ಕು, ಸುಮಾರು 17 ಕೋಟಿ ಡಾಲರ್ ಹೊರದೇಶಕ್ಕೆ ಹರಿಯಿತು. ತ್ವರಿತ ಕ್ರಮದಿಂದ ಆ ಹಣ ಮರಳಿ ದೊರೆತುದು ಸುದೈವ.

“ಅಪರಿಚಿತರ ಪತ್ರ ತೆರೆಯಬೇಡಿ” ಎಂಬ ಉಪದೇಶವನ್ನು ಎಲ್ಲರೂ ಕೇಳಿದ್ದೇವೆ. ಆದರೆ ವಂಚನೆ ಬರುವುದು ಪರಿಚಿತರ ಹೆಸರಿನಲ್ಲಿಯೇ! ಆದುದರಿಂದ ಮೊದಲ ಹೊಣೆ ಓದುವವನದಲ್ಲ, ಹೆಸರಿನ ಒಡೆಯರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದಕ್ಕೆ ಸಾಧನಗಳು ಸಿದ್ಧವಾಗಿವೆ. ಸಂಸ್ಥೆಯ ಹೆಸರಿನಲ್ಲಿ ಯಾವ ಗಣಕಯಂತ್ರಗಳು ಪತ್ರ ಕಳುಹಿಸಬಹುದೆಂಬ ಪಟ್ಟಿಯನ್ನು ಸಾರುವುದು ಎಸ್‌ಪಿಎಫ್. ಪತ್ರಕ್ಕೆ ತಿದ್ದಲಾಗದ ಮುದ್ರೆಯೊತ್ತುವುದು ಡಿಕಿಮ್. ಇವೆರಡರಲ್ಲಿ ಒಂದೂ ಹೊಂದದ ಪತ್ರವನ್ನು ತಿರಸ್ಕರಿಸಿರೆಂದು ಸ್ವೀಕರಿಸುವವರಿಗೆ ಸೂಚಿಸುವುದು ಡಿಮಾರ್ಕ್. ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ವಿಳಾಸಗಳಿಗೆ ಕಳುಹಿಸುವವರಿಗೆ ಗೂಗಲ್ 2024ರ ಫೆಬ್ರವರಿಯಿಂದ ಈ ಮೂರನ್ನೂ ಕಡ್ಡಾಯಗೊಳಿಸಿದೆ. ಆದರೆ ಅಳವಡಿಸಿದರಷ್ಟೇ ಸಾಲದು. ‘ತಿರಸ್ಕರಿಸಿ’ ಎಂಬ ಕಟ್ಟಾಜ್ಞೆಯನ್ನು ಕೊಡದೆ ಬರಿದೆ ‘ಗಮನಿಸಿ’ ಎಂದು ಬಿಟ್ಟರೆ, ಕಾವಲುಗಾರನನ್ನು ನೇಮಿಸಿ ಬಾಗಿಲನ್ನು ತೆರೆದಿಟ್ಟಂತೆಯೇ ಸರಿ.

ಆರಗದಂತಹ ಗಡಿನಾಡ ಊರಿಗೂ ಈ ಮಾತು ಸಲ್ಲುತ್ತದೆ. ನಮ್ಮ ವಿದ್ಯಾರ್ಥಿಗಳು ಮಿರಜ, ಸಾಂಗಲಿ, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದ್ದಾರೆ. ಶಾಲೆಯ ಹೆಸರಿನಲ್ಲಿ “ಮಹೋತ್ಸವದ ದೇಣಿಗೆಯ ವಿವರ ಲಗತ್ತಿಸಿದೆ” ಎಂಬ ಪತ್ರ ಬಂದರೆ ಅಭಿಮಾನಿಗಳು ಅನುಮಾನಿಸುವರೇ? ಶಾಲೆ, ಪತಸಂಸ್ಥೆ, ಸಹಕಾರಿ ಸಂಘಗಳು ಸ್ವಂತ ವಿಳಾಸ ಪಡೆದ ದಿನವೇ ಈ ಮೂರು ರಕ್ಷಣೆಗಳನ್ನೂ ಒದಗಿಸಿಕೊಳ್ಳಬೇಕು.

ಒಂದಕ್ಷರ ಬದಲಿಸಿದ ಹೋಲಿಕೆಯ ವಿಳಾಸಗಳನ್ನು ಈ ವ್ಯವಸ್ಥೆ ತಡೆಯಲಾರದು. ಅಲ್ಲಿ ನಮ್ಮ ಕಣ್ಣೇ ಕಾವಲು. ಸಂಶಯ ಬಂದರೆ ಲಗತ್ತನ್ನು ತೆರೆಯುವ ಮುನ್ನ ದೂರವಾಣಿಯಲ್ಲಿ ವಿಚಾರಿಸೋಣ. ಐವತ್ತು ವರ್ಷಗಳಲ್ಲಿ ಶಾಲೆ ಗಳಿಸಿದ ಆಸ್ತಿಗಳಲ್ಲಿ ಅದರ ಹೆಸರೇ ದೊಡ್ಡದು. ಕಟ್ಟಡಕ್ಕೆ ಬೀಗ ಹಾಕುವ ನಾವು ಹೆಸರಿಗೂ ಬೀಗ ಹಾಕುವುದು ಬೇಡವೇ?